ಗುಬ್ಬಿ ಸಭೆಯ ಚರಿತ್ರೆ ರಿಜಿಸ್ಟರುಗಳಲ್ಲಿದೆ

ತುಮಕೂರು ಜಿಲ್ಲೆಯ ಗುಬ್ಬಿ ಎಂದೊಡನೆ ನಾಟಕ ಕಂಪನಿ ನೆನಪಾಗುತ್ತದೆ. ಆ ಕಂಪನಿ ಹುಟ್ಟುವುದಕ್ಕೆ ಅರ್ಧ ಶತಮಾನದಷ್ಟು ಮೊದಲೇ, 1837ರಲ್ಲಿ, ವೆಸ್ಲಿಯನ್ ಮೆಥಡಿಸ್ಟ್ ಪಾದ್ರಿ ಥಾಮಸ್ ಹಾಡ್ಸನ್ ಅಲ್ಲಿ ಮಿಷನ್ ಶುರು ಮಾಡಿದ್ದರು. ಆಮೇಲೆ ಬಂದ ವಿಲಿಯಂ ಆರ್ಥರ್ ಆರೋಗ್ಯ ಕೆಟ್ಟು 1841ರಲ್ಲಿ ಇಂಗ್ಲೆಂಡಿಗೆ ಮರಳಿದರು. ಇಲ್ಲಿದ್ದದ್ದು ಎರಡು ವರ್ಷವೂ ಅಲ್ಲ, ಆದರೆ 1847ರಲ್ಲಿ ಮೈಸೂರು ಮಿಷನ್ ಕುರಿತು ದೊಡ್ಡ ಪುಸ್ತಕವನ್ನೇ ಬರೆದರು. ಹಾಡ್ಸನ್ ಕೂಡ 1877ರಲ್ಲಿ ಗುಬ್ಬಿ ಸೀಮೆಯ ಕ್ರೈಸ್ತನೊಬ್ಬನ ಜೀವನಕಥೆ ಪ್ರಕಟಿಸಿದರು. ಎರಡೂ ಬೆಲೆಯುಳ್ಳವೇ. ಆದರೆ ಇಂಗ್ಲಿಷಿನಲ್ಲಿವೆ, ಮಿಷನ್ನಿಗೆ ಕಾಣಿಕೆ ಕೊಡುತ್ತಿದ್ದ ದೂರದ ಓದುಗರನ್ನು ಎದುರಿಗಿಟ್ಟುಕೊಂಡು ಬರೆದವು. ಡೇನಿಯಲ್ ಎಂಬ ಆ ಹಳ್ಳಿಗನ ಮಾತನ್ನೂ ನಾವು ಪಾದ್ರಿಯ ಬಾಯಲ್ಲೇ ಕೇಳಬೇಕು. ಮೆಥಡಿಸ್ಟರಲ್ಲಿ ಪಾದ್ರಿಗಳು ವರ್ಗವಾಗುತ್ತಲೇ ಇರುವುದು ಪದ್ಧತಿ. ಊರಲ್ಲಿ ಉಳಿಯುವವರು ಸಭೆಯವರು. ಹಾಗಿರುವಾಗ ಬಂದುಹೋದವರ ಬರಹವನ್ನೇ ಸಭೆಯ ಚರಿತ್ರೆ ಎಂದು ಒಪ್ಪಿಕೊಳ್ಳುವುದು ನ್ಯಾಯವಲ್ಲ.

ಹಳ್ಳಿಯ ಸಭೆಗಳ ನಿಜವಾದ ದಾಖಲೆ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ರಿಜಿಸ್ಟರುಗಳು. ಅಂಥದೊಂದು ಪುಟದಲ್ಲಿ ಮಗುವಿನ ಹೆಸರು, ತಂದೆತಾಯಿ, ಊರು, ಕಸುಬು, ಸ್ನಾನ ಕೊಟ್ಟವರ ಸಹಿ. ಒಂದೊಂದು ಸಾಲು ಒಣ ವಿವರ. ಐವತ್ತು ವರ್ಷದ ಸಾಲುಗಳನ್ನು ಜೋಡಿಸಿದರೆ ಕೂಲಿಯವನ ಮಗ ಉಪದೇಶಿಯಾದದ್ದು, ಮೊಮ್ಮಗಳು ಮೇಷ್ಟರಮ್ಮನಾದದ್ದು ಕಾಣಿಸಬಹುದು. ಮೈಸೂರು ಸಂಸ್ಥಾನದ ಜನಸಂಖ್ಯೆ 1871ರಲ್ಲಿ 50 ಲಕ್ಷ ದಾಟಿತ್ತು, 1881ಕ್ಕೆ 42 ಲಕ್ಷಕ್ಕೆ ಇಳಿಯಿತು. ನಡುವೆ ಬಂದದ್ದು 1876–78ರ ಬರಗಾಲ. ಜನಗಣತಿ ಹೇಳುವುದು ಮೊತ್ತವನ್ನು. ಯಾವ ಹಳ್ಳಿಯಲ್ಲಿ, ಯಾವ ತಿಂಗಳು, ಯಾರ ಮನೆಯಲ್ಲಿ ಎಂದು ಹೇಳಬಲ್ಲದ್ದು ಸಮಾಧಿ ರಿಜಿಸ್ಟರು. ಇದು ಕ್ರೈಸ್ತರಿಗೆ ಮಾತ್ರ ಸೇರಿದ ಸಂಗತಿಯಲ್ಲ, ತುಮಕೂರು ಸೀಮೆಯ ಎಲ್ಲರದು.

ಮಿಷನ್ನಿನ ಕಾಗದಪತ್ರಗಳು ಲಂಡನ್ನಿನ ಸಂಗ್ರಹಾಲಯದಲ್ಲಿ ಭದ್ರವಾಗಿವೆಯಲ್ಲ ಎನ್ನಬಹುದು. ಅಲ್ಲಿರುವುದು ಮುಖ್ಯವಾಗಿ ಪಾದ್ರಿಗಳು ಮೇಲಿನವರಿಗೆ ಬರೆದ ಪತ್ರ, ವರದಿ. ಊರಿನ ಪುಸ್ತಕ ಊರಿನ ಬೀರುವಿನಲ್ಲೇ ಗೆದ್ದಲಿನ ಬಾಯಿಗೆ ಬೀಳಬಹುದು. ಇನ್ನೊಂದು ಆಕ್ಷೇಪ ಹೆಚ್ಚು ತೂಕದ್ದು, ಅದನ್ನು ಹಗುರಾಗಿ ತಳ್ಳಿಹಾಕಲಾಗದು: ಹಳೆಯ ರಿಜಿಸ್ಟರು ಜಾತಿಯನ್ನೂ ಹೊರಗೆಡಹಬಹುದು. ದಲಿತ ಮೂಲದ ಕ್ರೈಸ್ತರಿಗೆ 1950ರ ರಾಷ್ಟ್ರಪತಿ ಆದೇಶದಡಿ ಪರಿಶಿಷ್ಟ ಜಾತಿಯ ಸ್ಥಾನವಿಲ್ಲ. ಮತಾಂತರದ ಮಾತೆತ್ತಿದರೆ ಜಗಳವಾಗುವ ಈ ದಿನಗಳಲ್ಲಿ ಅಜ್ಜನ ಹೆಸರಿನ ಒಂದು ಸಾಲು ಮೊಮ್ಮಕ್ಕಳಿಗೆ ತೊಂದರೆ ತಂದೀತು ಎಂಬ ಭಯ ಸುಳ್ಳಲ್ಲ. ಆದರೆ ಕಾಪಾಡುವುದು ಬೇರೆ, ಬಯಲಿಗಿಡುವುದು ಬೇರೆ. ಇತ್ತೀಚಿನ ನೂರು ವರ್ಷದ ಪುಟಗಳನ್ನು ಮುಚ್ಚಿಟ್ಟು, ಹಳೆಯವನ್ನೂ ಸಭೆಯ ಒಪ್ಪಿಗೆಯಿಲ್ಲದೆ ತೆರೆಯದಂತೆ ನಿಯಮ ಮಾಡಬಹುದು. 1947ರ ಸೆಪ್ಟೆಂಬರ್ 27ರಂದು ಈ ವೆಸ್ಲಿಯನ್ ಸಭೆಗಳು ದಕ್ಷಿಣ ಭಾರತ ಸಭೆಗೆ ಸೇರಿದವು. ಹಾಗಾಗಿ ಈ ಕೆಲಸಕ್ಕೆ ಮೊದಲು ಕೈಹಾಕಬೇಕಾದವರು ಅದರ ಡಯಾಸಿಸುಗಳೇ. ಪ್ರತಿ ಪುಟದ ಫೋಟೊ ತೆಗೆದು, ಒಂದು ಪ್ರತಿಯನ್ನು ಬೆಂಗಳೂರಿನ ಯುನೈಟೆಡ್ ಥಿಯಲಾಜಿಕಲ್ ಕಾಲೇಜಿನ ದಾಖಲೆ ಸಂಗ್ರಹಕ್ಕೆ ಕೊಟ್ಟು, ಮೂಲ ಪುಸ್ತಕವನ್ನು ಊರಿನ ದೇವಾಲಯಕ್ಕೇ ಮರಳಿಸಬೇಕು.