ನೀರು ಸೋರದಿರಲಿ ಎಂದು ಹಾಸುವ ಹಾಳೆಗೇ ಸಾವಿರಾರು ಸ್ಕ್ರೂ! ಇದು ಸರಿಯೇ?

ದೊಡ್ಡ ಗೋದಾಮಿನ ಚಪ್ಪಟೆ ಛಾವಣಿಯ ಮೇಲೆ ಕಾರ್ಮಿಕರು ಬಿಳಿ ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಅಂಚಿಗೆ ಸಾಲುಸಾಲಾಗಿ ಸ್ಕ್ರೂ ಹೊಡೆಯುತ್ತಾ ಹೋಗುತ್ತಾರೆ. ಇಂಥ ವಿಡಿಯೊ ಕಂಡವರಿಗೆಲ್ಲ ಬರುವ ಪ್ರಶ್ನೆ ಒಂದೇ: ಮಳೆನೀರು ತಡೆಯುವ ಹಾಳೆಗೇ ತೂತು ಕೊರೆದರೆ ನೀರು ನಿಲ್ಲುವುದಾದರೂ ಹೇಗೆ? ಪ್ರಶ್ನೆ ಸಹಜವೇ. ಆದರೆ ಉತ್ತರವನ್ನು ಅರ್ಧ ತಿಳಿದರೆ ಕಷ್ಟ. ಒಳ್ಳೆಯ ವಿಧಾನವನ್ನು ಮೋಸ ಎಂದುಕೊಳ್ಳಬಹುದು, ಇಲ್ಲವೇ ಅದನ್ನೇ ಮನೆಯ ತಾರಸಿಗೆ ತಂದು ಚೆನ್ನಾಗಿರುವ ಸ್ಲ್ಯಾಬ್ ಕೆಡಿಸಿಕೊಳ್ಳಬಹುದು.

ಅನುಮಾನ ಹುಟ್ಟುವುದು ಎಲ್ಲಿಂದ?

ನಮಗೆಲ್ಲ ಗೊತ್ತಿರುವುದು ತಗಡಿನ ಶೀಟ್. ಅದರಲ್ಲಿ ಸ್ಕ್ರೂವಿನ ತಲೆ ಬಿಸಿಲು, ಮಳೆಗೆ ಬಯಲಾಗಿಯೇ ಇರುತ್ತದೆ. ತಲೆಯ ಕೆಳಗಿರುವ ರಬ್ಬರ್ ವಾಷರ್ ಒಂದೇ ನೀರು ತಡೆಯಬೇಕು. ಕೆಲವು ಬೇಸಿಗೆ ಕಳೆಯುವಷ್ಟರಲ್ಲಿ ಆ ರಬ್ಬರ್ ಒಣಗಿ ಬಿರುಕು ಬಿಡುತ್ತದೆ, ಹನಿ ತೊಟ್ಟಿಕ್ಕಲು ಶುರುವಾಗುತ್ತದೆ. ಹಾಗಾಗಿ ‘ಸ್ಕ್ರೂ ಇದ್ದಲ್ಲಿ ಸೋರಿಕೆ’ ಎಂಬ ಮಾತು ಅನುಭವದಿಂದಲೇ ಬಂದದ್ದು.

ಈ ಹಾಳೆಯಲ್ಲಿ ತೂತು ಎಲ್ಲಿ ಹೋಗುತ್ತದೆ?

ಪಿವಿಸಿ ಅಥವಾ ಟಿಪಿಒ ಎಂಬ ಪ್ಲಾಸ್ಟಿಕ್‌ನಿಂದ ಮಾಡಿದ ಈ ಹಾಳೆ ಸಾಮಾನ್ಯವಾಗಿ 1.2ರಿಂದ 2 ಮಿಲಿಮೀಟರ್ ದಪ್ಪ. ಇದು ಸುರುಳಿಯಾಗಿ ಬರುತ್ತದೆ. ಮೊದಲ ಸುರುಳಿ ಬಿಚ್ಚಿ ಹಾಸಿ, ಅದರ ಒಂದು ಅಂಚಿಗೆ ಮಾತ್ರ ಅಗಲವಾದ ಲೋಹದ ಬಿಲ್ಲೆ ಇಟ್ಟು ಸ್ಕ್ರೂ ಹೊಡೆಯುತ್ತಾರೆ. ಎರಡನೆಯ ಸುರುಳಿ ಆ ಅಂಚಿನ ಮೇಲೆ ಸುಮಾರು 10–12 ಸೆಂಟಿಮೀಟರ್ ಹತ್ತಿ ಕೂರುತ್ತದೆ. ಹೆಂಚು ಒಂದರ ಮೇಲೊಂದು ಹತ್ತಿದಂತೆ. ಆದರೆ ಹೆಂಚಿನ ಸಂದು ತೆರೆದೇ ಇರುತ್ತದೆ. ಇಲ್ಲಿ ಸ್ಕ್ರೂ ಸಾಲಿನ ಆಚೆ ಬದಿಯಲ್ಲಿ ಎರಡೂ ಹಾಳೆಗಳನ್ನು ಬಿಸಿಗಾಳಿ ಯಂತ್ರದಿಂದ ಕರಗಿಸಿ ಒತ್ತುತ್ತಾರೆ. ಆರಿದ ಮೇಲೆ ಎರಡೂ ಸೇರಿ ಒಂದೇ ಹಾಳೆ. ಸರಿಯಾದ ಕೆಲಸ ಮುಗಿದಾಗ ಒಂದು ಸ್ಕ್ರೂ ಕೂಡ ಕಣ್ಣಿಗೆ ಬೀಳುವುದಿಲ್ಲ. ವಿಡಿಯೊಗಳು ಬಹಳ ಸಲ ಮುಗಿಯುವುದು ಈ ಬೆಸುಗೆಗೆ ಮೊದಲೇ.

ಬರೀ ಅಂಟು ಸಾಲದೇ?

ಇಲ್ಲಿ ನಿಜವಾದ ಎದುರಾಳಿ ಮಳೆಯಲ್ಲ, ಗಾಳಿ. ಗಾಳಿ ಚಪ್ಪಟೆ ಛಾವಣಿಯನ್ನು ಕೆಳಕ್ಕೆ ಒತ್ತುತ್ತದೆ ಎಂದುಕೊಳ್ಳುತ್ತೇವೆ. ಅದು ಮಾಡುವುದು ಹೆಚ್ಚಾಗಿ ಉಲ್ಟಾ ಕೆಲಸ. ಗೋಡೆಗೆ ಬಡಿದು ಮೇಲೇರಿ ಛಾವಣಿಯ ಅಂಚು ದಾಟುವಾಗ ಗಾಳಿ ಹಾಳೆಯನ್ನು ಮೇಲಕ್ಕೆ ಹೀರುತ್ತದೆ.

ಲೆಕ್ಕ ನೋಡಿ. ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಬೆಂಗಳೂರಿಗೆ ಕೊಟ್ಟಿರುವ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್, ಮಂಗಳೂರಿಗೆ 39 ಮೀಟರ್. 33 ಮೀಟರ್ ವೇಗದ ಗಾಳಿಯ ಒತ್ತಡ ಒಂದು ಚದರ ಮೀಟರಿಗೆ ಸುಮಾರು 65 ಕಿಲೋ ತೂಕಕ್ಕೆ ಸಮ, 39 ಮೀಟರಿಗೆ 90 ಕಿಲೋ ದಾಟುತ್ತದೆ. ಅಷ್ಟೇ ಜಾಗದ ಹಾಳೆಯ ತೂಕವಾದರೋ ಸುಮಾರು 2 ಕಿಲೋ! ಮೂಲೆ ಮತ್ತು ಅಂಚುಗಳಲ್ಲಿ ಈ ಸೆಳೆತ ಮಧ್ಯಭಾಗಕ್ಕಿಂತ ಬಹಳ ಹೆಚ್ಚು. ಅದಕ್ಕೇ ಅಲ್ಲಿ ಸ್ಕ್ರೂಗಳನ್ನು ಹತ್ತಿರ ಹತ್ತಿರ ಹೊಡೆಯಬೇಕು. ಛಾವಣಿ ಪೂರ್ತಿ ಒಂದೇ ಅಂತರದಲ್ಲಿ ಸ್ಕ್ರೂ ಇದ್ದರೆ ಲೆಕ್ಕ ಹಾಕಿಲ್ಲದಿರಬಹುದು, ಕೇಳಿ ನೋಡಬೇಕು.

ಅಂಟಿಸುವ ವಿಧಾನವೂ ಇದೆ, ಆದರೆ ಅದಕ್ಕೆ ನೆಲ ಒಣಗಿರಬೇಕು, ಧೂಳಿರಬಾರದು. ಭಾರ ಹೇರಿ ನಿಲ್ಲಿಸುವ ವಿಧಾನವೂ ಇದೆ. ಶೀಟ್ ಹಾರದಿರಲಿ ಎಂದು ನಾವು ಕಲ್ಲು ಇಡುತ್ತೇವಲ್ಲ, ಅದೇ ತತ್ವ. ಗೋದಾಮಿನ ತೆಳುವಾದ ಉಕ್ಕಿನ ತಗಡು ಅಷ್ಟು ಭಾರ ಹೊರುವುದು ಕಷ್ಟ, ಆದ್ದರಿಂದ ಅಲ್ಲಿ ಸ್ಕ್ರೂ ವಿಧಾನವೇ ಅನುಕೂಲ.

ಹಾಗಾದರೆ ಇದು ಸೋರುವುದೇ ಇಲ್ಲವೇ?

ಸೋರಬಹುದು. ಬೆಸುಗೆ ಕಚ್ಚದಿದ್ದರೆ ನೀರು ಹಾಳೆಯ ಕೆಳಗೆ ಹರಿದು ಎಲ್ಲೋ ದೂರದಲ್ಲಿ ತೊಟ್ಟಿಕ್ಕುತ್ತದೆ, ಮೂಲ ಹುಡುಕುವುದೇ ಸಾಹಸ. ಕೆಳಗಿನ ಶಾಖ ತಡೆಯುವ ಫೋಮ್ ಹಲಗೆ ಓಡಾಟಕ್ಕೆ ಕುಗ್ಗಿದರೆ ಸ್ಕ್ರೂವಿನ ತಲೆ ಮೇಲೆದ್ದು ಹಾಳೆಯನ್ನು ಚುಚ್ಚಬಹುದು. ಇದನ್ನು ತಪ್ಪಿಸಲು ಪ್ಲಾಸ್ಟಿಕ್ ಕೊಳವೆಯೊಳಗೆ ಕೂರುವ ಸ್ಕ್ರೂಗಳಿವೆ. ತುಕ್ಕು ಹಿಡಿಯುವ ಅಗ್ಗದ ಸ್ಕ್ರೂ ಬಳಸಿದರೆ ಹಾಳೆ ಗಟ್ಟಿಯಿದ್ದರೂ ಹಿಡಿತ ಹೋಗುತ್ತದೆ.

ಮನೆಯ ತಾರಸಿಗೆ ಇದು ಬೇಕೇ?

ಸಾಮಾನ್ಯವಾಗಿ ಬೇಡ. ಮನೆಯ ಆರ್‌ಸಿಸಿ ಸ್ಲ್ಯಾಬ್ ಹೆಚ್ಚೆಂದರೆ ಐದಾರು ಇಂಚು ದಪ್ಪ. ಅದರೊಳಗೇ ಕಬ್ಬಿಣದ ಸರಳು, ಫ್ಯಾನು ಮತ್ತು ಲೈಟಿನ ವೈರು ಹೋಗುವ ಪೈಪು ಇರುತ್ತವೆ. ಕಣ್ಣು ಮುಚ್ಚಿ ಡ್ರಿಲ್ ಮಾಡಿದರೆ ಆ ಪೈಪಿಗೇ ತಗಲಬಹುದು. ಆಮೇಲೆ ಹಾಳೆಯ ಕೆಳಗೆ ನುಗ್ಗಿದ ನೀರು ಅದರೊಳಗಿಂದ ಸ್ವಿಚ್ ಬೋರ್ಡಿನವರೆಗೂ ಇಳಿಯಬಹುದು, ಶಾಕ್ ಹೊಡೆಯುವ ಅಪಾಯವೂ ಇದೆ. ಕಾಂಕ್ರೀಟಿಗೂ ಈ ಹಾಳೆ ಹಾಕುವುದುಂಟು. ಆದರೆ ಸ್ಕ್ರೂ ಎಷ್ಟು ಬಲಕ್ಕೆ ಕಿತ್ತು ಬರುತ್ತದೆ ಎಂದು ಎಳೆದು ಪರೀಕ್ಷಿಸಿದ ಮೇಲೆ. ಮನೆಗೆ ಸಿಮೆಂಟ್ ಬೆರೆಸಿದ ಪಾಲಿಮರ್ ಲೇಪನ, ಅಥವಾ ಗ್ಯಾಸ್ ಉರಿಯಿಂದ ಕರಗಿಸಿ ಅಂಟಿಸುವ ಡಾಂಬರು ಶೀಟ್‌ನಂಥ ತೂತು ಬೇಡದ ದಾರಿಗಳಿವೆ.

ಯಾವ ದಾರಿ ಹಿಡಿದರೂ ಮೊದಲು ನೋಡಬೇಕಾದದ್ದು ಇಳಿಜಾರು. ಕೊಳವೆಯ ಕಡೆಗೆ 100 ಅಡಿಗೆ 1 ಅಡಿಯಷ್ಟಾದರೂ ಇಳಿಜಾರು ಇರಲಿ. ಕೆಲಸ ಮುಗಿದ ಮೇಲೆ ಹಣ ಪೂರ್ತಿ ಕೊಡುವ ಮುನ್ನ ಕೊಳವೆ ಮುಚ್ಚಿ, ಒಂದೆರಡು ಇಂಚು ನೀರು ಕಟ್ಟಿ, 24ರಿಂದ 48 ಗಂಟೆ ಬಿಟ್ಟು ಕೆಳಗಿನ ಸೀಲಿಂಗ್ ನೋಡಿ.

ವಿಡಿಯೊ ಫಾರ್ವರ್ಡ್ ಮಾಡುವ ಮುನ್ನ ಎರಡು ವಿಷಯ ಗಮನಿಸಿ: ಅದು ಗೋದಾಮಿನ ತಗಡೋ, ಮನೆಯ ಕಾಂಕ್ರೀಟೋ? ಸ್ಕ್ರೂ ಕೊನೆಗೆ ಬಯಲಲ್ಲೇ ಉಳಿಯಿತೋ, ಹಾಳೆಯಡಿ ಮುಚ್ಚಿಹೋಯಿತೋ? ಇವೆರಡು ತಿಳಿಯದೆ ‘ಮೋಸ’ ಎನ್ನುವುದೂ ತಪ್ಪು, ‘ನಮ್ಮನೆಗೂ ಹಾಕಿಸೋಣ’ ಎನ್ನುವುದೂ ತಪ್ಪು.