ದಪ್ಪ ತೋಟಾದ ಜಂಬ

ಟೆಕ್ಸಸ್‌ನಲ್ಲಿ ಬೇಟೆಗೆ ಹೋಗೋ ನನ್ನ ಗೆಳೆಯರದ್ದು ಒಂದೇ ರಾಗ: ಕಾಡುಹಂದಿಗೆ .50 ಬಿಯೋವುಲ್ಫೇ ಬೇಕಂತೆ. ಯಾಕೆ ಸ್ವಾಮಿ? ಅದೇ ಎಆರ್-15ರಲ್ಲಿ .450 ಬುಷ್‌ಮಾಸ್ಟರ್ ತೋಟಾ 250 ಗ್ರೇನ್ ಗುಂಡನ್ನ ಸೆಕೆಂಡಿಗೆ ಸುಮಾರು 2200 ಅಡಿ ವೇಗದಲ್ಲಿ ಬಿಡುತ್ತೆ. ಜಿಂಕೆಗೂ ಹಂದಿಗೂ ಧಾರಾಳವಾಯ್ತು.

ಹಾಗಂತ ಇದೂ ಬ್ರಹ್ಮಾಸ್ತ್ರ ಅಲ್ಲ. ಗಿಡ್ಡ, ದಪ್ಪ ಗುಂಡು ಗಾಳಿಯಲ್ಲಿ ಬೇಗ ಸುಸ್ತಾಗುತ್ತೆ. 200 ಗಜಕ್ಕೆ ಶಕ್ತಿ ಅರ್ಧಕ್ಕಿಂತ ಕಡಿಮೆ, ಆಮೇಲೆ ಅಡಿಗಟ್ಟಲೆ ಕೆಳಗಿಳಿಯುತ್ತೆ. 300 ಗಜದ ಜಿಂಕೆಗೆ ಇದರಲ್ಲಿ ಹೊಡೆಯೋ ಮಹಾಶಯರು ಅದನ್ನ ಗಾಯ ಮಾಡಿ ಪೊದೆಗೆ ಅಟ್ಟುತ್ತಾರೆ ಅಷ್ಟೆ. ರಾತ್ರಿಯಿಡೀ ನರಳೋದು ಇವರಲ್ಲವಲ್ಲ!

ಒದೆತಕ್ಕೆ ಹೆದರಿ ಅಭ್ಯಾಸವನ್ನೇ ಮಾಡದವನ ಗುಂಡು ಶ್ವಾಸಕೋಶ ಬಿಟ್ಟು ಹೊಟ್ಟೆಗೆ ಬಿದ್ದರೆ ಯಾವ ಕ್ಯಾಲಿಬರ್ ತಾನೇ ಏನು ಮಾಡೀತು? ನಾನಂತೂ .450 ತಗೊಂಡೆ. 150 ಗಜದ ಆಚೆ ಟ್ರಿಗರ್ ಮುಟ್ಟಲ್ಲ. ನಗೋರು ನಗಲಿ.