ತೋಳು ಮೇಲೇಳದಿದ್ದರೆ ಆಪರೇಷನ್ನೇ ಗತಿಯೇ?

ಮಹಾಳಿಗೆ ಮದ್ದು ಬಿಡುವ ಕಾಲ ಬಂತೆಂದರೆ ಬದಿಯಡ್ಕ, ಪೆರ್ಲ, ಮುಳ್ಳೇರಿಯ ಕಡೆಯ ಅಡಿಕೆ ತೋಟಗಳಲ್ಲಿ ಭುಜಕ್ಕೆ ಬಿಡುವಿಲ್ಲ. ದೋಟಿ ಬಂದ ಮೇಲೆ ಮರ ಹತ್ತುವ ಅಪಾಯ ತಪ್ಪಿತು, ಸರಿ. ಆದರೆ ಅಷ್ಟುದ್ದದ ದೋಟಿಯನ್ನು ಎತ್ತಿ ಹಿಡಿದು ನಿಲ್ಲುವ ಭಾರ ಭುಜಕ್ಕೇ ಬಿತ್ತು. ರಾತ್ರಿ ಆ ಮಗ್ಗುಲಿಗೆ ಮಲಗಲಾಗದೆ, ಅಂಗಿ ತೊಡಲಾಗದೆ ಒದ್ದಾಡುವವರು 'ವಾಯು ಹಿಡಿದಿದೆ, ಎಣ್ಣೆ ತಿಕ್ಕಿದರೆ ಹೋದೀತು' ಎಂದು ತಿಂಗಳುಗಟ್ಟಲೆ ಕಾಯುತ್ತಾರೆ. ಕೊನೆಗೆ ಮಂಗಳೂರಿನ ಬಸ್ಸು ಹತ್ತಿ, ಎಂಆರ್‌ಐ ಮಾಡಿಸಿ, 'ಹರಿದಿದೆ' ಎಂಬ ಮಾತು ಕಿವಿಗೆ ಬಿದ್ದ ಕೂಡಲೇ ಆಪರೇಷನ್ನಿಗೆ ಹಣ ಹೊಂದಿಸಲು ಓಡುತ್ತಾರೆ. ಎರಡೂ ಅತಿಯಾಯಿತು.

ಹರಿಯುವುದಾದರೂ ಏನು? ತೋಳಿನ ಗುಂಡನ್ನು ಅದರ ಗೂಡಿನಲ್ಲಿ ಹಿಡಿದಿಡುವ ನಾಲ್ಕು ಸ್ನಾಯುಗಳ ತುದಿ. ವೈದ್ಯರು ಇದನ್ನು ರೋಟೇಟರ್ ಕಫ್ ಎನ್ನುತ್ತಾರೆ. ವಯಸ್ಸು 60 ದಾಟಿದ ಅನೇಕರಲ್ಲಿ ನೋವೇ ಇಲ್ಲದೆ ಇದು ಸವೆದು ಹರಿದಿರುತ್ತದೆ. ಹಾಗಾಗಿ ಫಿಲ್ಮಿನಲ್ಲಿ ಕಂಡದ್ದಕ್ಕೆಲ್ಲ ಹೊಲಿಗೆ ಬೇಕಿಲ್ಲ. ನಿಧಾನವಾಗಿ ಸವೆದದ್ದಕ್ಕೆ ಮೂರು ತಿಂಗಳಾದರೂ ಸರಿಯಾದ ವ್ಯಾಯಾಮ ಮಾಡಿ ನೋಡಬೇಕು. ಭುಜದ ಮೇಲಿನ ಎಲುಬಿನ ಅಡಿ ಕೆರೆದು ಜಾಗ ಬಿಡಿಸುವ ಕೀಹೋಲ್ ಶಸ್ತ್ರಕ್ರಿಯೆ ಒಂದು ಕಾಲದಲ್ಲಿ ಎಲ್ಲೆಡೆ ನಡೆಯುತ್ತಿತ್ತು. ಬ್ರಿಟನ್, ಫಿನ್ಲೆಂಡ್‌ಗಳಲ್ಲಿ, ಬರೀ ರಂಧ್ರ ಕೊರೆದು ಒಳಗೆ ನೋಡಿ ಬಿಟ್ಟವರೊಂದಿಗೆ ಹೋಲಿಸಿದಾಗ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. 2019ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನ ತಜ್ಞರ ತಂಡ ಅದು ಬೇಡವೆಂದೇ ಹೇಳಿತು.

ಮರದಿಂದ ಬಿದ್ದೋ, ಬೈಕ್ ಜಾರಿಯೋ ಅಂದೇ ತೋಳು ಎತ್ತಲಾಗದೆ ಹೋದರೆ ಮಾತೇ ಬೇರೆ. ಅಲ್ಲಿ ಎಣ್ಣೆ ತಿಕ್ಕಿ ಕೂರಬಾರದು. ತಡವಾದಷ್ಟೂ ಹರಿದ ತುದಿ ಹಿಂದೆ ಸರಿಯುತ್ತದೆ, ಸ್ನಾಯು ಸೊರಗುತ್ತದೆ, ಹೊಲಿಗೆ ಹಿಡಿಯುವುದು ಕಷ್ಟವಾಗುತ್ತದೆ. ಕೆಲವೇ ವಾರಗಳಲ್ಲಿ ಎಲುಬು ತಜ್ಞರಿಗೆ ತೋರಿಸಿ, ಬೇಕೆಂದರೆ ಹೊಲಿಸಿಬಿಡಬೇಕು. ಹೊಲಿಯಲಾಗದಷ್ಟು ಹರಿದು ಕೀಲೂ ಸವೆದ ವೃದ್ಧರಿಗೆ ಗುಂಡು, ಗೂಡು ಅದಲುಬದಲಾದ ಕೃತಕ ಕೀಲೂ ಇದೆ.

ಆಪರೇಷನ್ ಒಂದು ದಿನದ್ದು. ಕಷ್ಟ ಇರುವುದು ಆಮೇಲೆ. 4ರಿಂದ 6 ವಾರ ಕೈ ಕುತ್ತಿಗೆಗೆ ಕಟ್ಟಿದ ಪಟ್ಟಿಯಲ್ಲಿ, ಬಳಿಕ ತಿಂಗಳುಗಟ್ಟಲೆ ಫಿಸಿಯೋಥೆರಪಿ, ಭಾರದ ಕೆಲಸಕ್ಕೆ ಸುಮಾರು ಆರು ತಿಂಗಳು. ದಿನಗೂಲಿಯವನಿಗೆ ಇದನ್ನು ಮೊದಲೇ ಬಿಡಿಸಿ ಹೇಳುವವರು ಯಾರು? ವ್ಯಾಯಾಮಕ್ಕೆಂದು ವಾರಕ್ಕೆರಡು ಸಲ ತಲಪಾಡಿ ದಾಟುವುದು ಎಷ್ಟು ಮಂದಿಗೆ ಸಾಧ್ಯ? ಮಂಗಳೂರನ್ನೇ ನಂಬಿ ಕೂತರೆ ಏನಾಗುತ್ತದೆಂದು 2020ರ ಮಾರ್ಚ್‌ನಲ್ಲಿ ಗಡಿ ಮುಚ್ಚಿದಾಗ ಜಿಲ್ಲೆ ಕಂಡಿದೆ. 2013ರಲ್ಲಿ ಶಿಲಾನ್ಯಾಸವಾದ ಉಕ್ಕಿನಡ್ಕ ಮೆಡಿಕಲ್ ಕಾಲೇಜಿನಲ್ಲಿ ಹೊರರೋಗಿ ವಿಭಾಗ ತೆರೆಯಲು 2022 ಬರಬೇಕಾಯಿತು.

ಶಸ್ತ್ರಕ್ರಿಯೆಗೆ ಮಂಗಳೂರಿಗೆ ಹೋಗುವುದಾದರೆ ಹೋಗಲಿ. ವ್ಯಾಯಾಮ ಕಲಿಸುವವರು ಊರಿನ ಸರಕಾರಿ ಆಸ್ಪತ್ರೆಯಲ್ಲಿ ವಾರಕ್ಕೆ ಒಂದೆರಡು ದಿನವಾದರೂ ಸಿಗಬೇಕು. ಅದಕ್ಕೆ ಕೋಟಿಗಟ್ಟಲೆಯ ಯಂತ್ರ ಬೇಡ. ಒಂದು ಬೆಂಚು, ಗೋಡೆಗೊಂದು ರಾಟೆ, ರಬ್ಬರ್ ಪಟ್ಟಿ ಸಾಕು. ಕೈಗೆ ಕೊಡುವ ವ್ಯಾಯಾಮದ ಚೀಟಿ ಕನ್ನಡದಲ್ಲೂ ಇರಲಿ. ಕೇರಳದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಗಳು ಗ್ರಾಮ ಪಂಚಾಯತುಗಳ ಕೈಯಲ್ಲೇ ಇವೆ. ಮುಂದಿನ ವಾರ್ಷಿಕ ಯೋಜನೆಯಲ್ಲಿ ಇದಕ್ಕೆ ಹಣ ಇಡಲು ತಿರುವನಂತಪುರದ ಅಪ್ಪಣೆಗೆ ಕಾಯಬೇಕೇ?